ಸೂಜಿಯಿಲ್ಲದ ಪೆಟ್ಟಿಗೆ

ಬಲಗೈಯನ್ನು ತಲೆಯ ಹಿಂದೆ ಮಡಚಿ, ಅಂಗಿಯ ಅಂಚನ್ನು ಪಕ್ಕೆಲುಬಿನ ಮೇಲಕ್ಕೆ ಸರಿಸಿಕೊಂಡು ಮಲಗಿದವಳಿಗೆ ಮೊದಲು ಅನ್ನಿಸಿದ್ದು ಭಯವಲ್ಲ, ಒಂದು ಬಗೆಯ ಹೆಮ್ಮೆ. ಆಸ್ಪತ್ರೆಗೆ ಯಾವ ಹೊಸ ಯಂತ್ರ ಬಂದರೂ ಅದರ ಮುಂದೆ ಮೊದಲು ಮಲಗಬೇಕಾದವಳು ಅವಳೇ ಎಂಬುದು ಎಂದೋ ರೂಢಿಯಾಗಿಬಿಟ್ಟಿತ್ತು. ಸ್ಕ್ಯಾನಿಂಗ್ ವಿಭಾಗದಲ್ಲಿ ಅವಳ ಜೊತೆ ಕೆಲಸ ಮಾಡುವವರು ಹಲವರಿದ್ದರೂ ಅಷ್ಟು ತೆಳ್ಳಗಿನ ಮೈ ಇನ್ನೊಬ್ಬರದಿರಲಿಲ್ಲ. ಚರ್ಮದ ಕೆಳಗೆ ಅಡ್ಡ ಬರುವುದಕ್ಕೆ ಕೊಬ್ಬೇ ಇಲ್ಲದ್ದರಿಂದ ತೆರೆಯ ಮೇಲೆ ಚಿತ್ರ ತೊಳೆದಿಟ್ಟ ಹಾಗೆ ಮೂಡುತ್ತಿತ್ತು. "ಇವಳು ಹುಡುಗಿಯಲ್ಲ ಕಣ್ರಯ್ಯ, ಗಾಜು" ಎಂದು ದೊಡ್ಡ ಡಾಕ್ಟರು ಯಾವತ್ತೋ ಅಂದದ್ದು ಹೆಸರಾಗಿ ಅಂಟಿಕೊಂಡು, ಈಗ ಬಾಗಿಲು ಕಾಯುವವನೂ ಅವಳನ್ನು ಗಾಜಕ್ಕ ಎನ್ನುತ್ತಿದ್ದ. ಕಲಿಯಲು ಬಂದ ಎಷ್ಟೋ ಹುಡುಗ ಹುಡುಗಿಯರು ಹೃದಯದ ಕವಾಟ ತೆರೆದು ಮುಚ್ಚುವುದನ್ನು ಮೊದಲು ಕಂಡದ್ದು ಅವಳ ಎದೆಯಲ್ಲಿ. ಅಜ್ಜಿಯ ಕಥೆಯಲ್ಲಿ ಒಬ್ಬ ರಾಜಕುಮಾರಿ ಇದ್ದಳಲ್ಲ, ನೀರು ಕುಡಿದರೆ ಗಂಟಲೊಳಗೆ ನೀರು ಇಳಿಯುವುದು ಹೊರಗಿನವರಿಗೆ ಕಾಣುತ್ತಿತ್ತಂತೆ. ಅವಳಿಗೆ ಸುಳ್ಳು ಹೇಳುವುದಕ್ಕೇ ಆಗುತ್ತಿರಲಿಲ್ಲವಂತೆ, ನಾಲಿಗೆಗೆ ಬರುವ ಮೊದಲೇ ಸುಳ್ಳು ಗಂಟಲಲ್ಲಿ ಕಪ್ಪಗೆ ಕಂಡುಬಿಡುತ್ತಿತ್ತಂತೆ. ಆ ರಾಜಕುಮಾರಿಗೆ ಆಮೇಲೆ ಏನಾಯಿತು ಎಂದು ಅಜ್ಜಿ ಒಂದು ದಿನವೂ ಹೇಳಿ ಮುಗಿಸಲಿಲ್ಲ. ಅಷ್ಟು ಹೊತ್ತಿಗೆ ಮಕ್ಕಳಿಗೆ ನಿದ್ದೆ ಬಂದಿರುತ್ತಿತ್ತು.

"ಸೂಜಿ ಇಲ್ಲ, ರಕ್ತ ಇಲ್ಲ, ಕೊಯ್ಯೋದಿಲ್ಲ ಸಾರ್," ಎನ್ನುತ್ತಿದ್ದ ಕಂಪನಿಯವನು. ಯಂತ್ರವನ್ನು ತೋರಿಸಲು ಬಂದ ಅವನ ಕೊರಳಪಟ್ಟಿ ಬೆವರಿನಿಂದ ಮೆತ್ತಗಾಗಿತ್ತು. "ಹೊರಗಿನಿಂದ ಒಂದು ಸಣ್ಣ ತಟ್ಟು. ಆ ತಟ್ಟು ಅಲೆಯಾಗಿ ಒಳಗೆ ಹೋಗುತ್ತೆ. ಲಿವರ್ ಮೆತ್ತಗಿದ್ರೆ ಅಲೆ ನಿಧಾನ, ಗಟ್ಟಿಯಾಗಿದ್ರೆ ಜೋರು. ಕಲ್ಲಂಗಡಿ ಹಣ್ಣು ತಟ್ಟಿ ನೋಡಿ ತಗೊಳ್ಳಲ್ವಾ, ಹಾಗೇ."

"ನಮ್ಮ ಮನೆಯವಳು ತಟ್ಟಿ ತಂದ ಹಣ್ಣೆಲ್ಲ ಕೊಯ್ದರೆ ಬೆಳ್ಳಗೇ ಇರುತ್ತೆ ಕಣಯ್ಯ," ಎಂದರು ದೊಡ್ಡ ಡಾಕ್ಟರು. ಸುತ್ತ ನಿಂತವರೆಲ್ಲ ನಕ್ಕರು. ಡಾಕ್ಟರು ಸೂಜಿಯ ಕೈಯವರು. ಪಕ್ಕೆಯ ಸಂದಿಯಲ್ಲಿ ಉದ್ದ ಸೂಜಿ ಇಳಿಸಿ, ಪರೀಕ್ಷೆಗೆಂದು ಲಿವರಿನ ಒಂದು ಎಳೆಯನ್ನು ದಾರದ ತುಂಡಿನಂತೆ ಹೊರತೆಗೆಯುವುದರಲ್ಲಿ ಅವರಿಗೆ ಸಮನಾದವರಿಲ್ಲ ಎಂದು ಹೆಸರಿತ್ತು. ಯಂತ್ರ ಬೇಡವೆನ್ನುವುದಕ್ಕೆ ಅವರಿಗೊಂದು ನೆಪ ಸಾಕಾಗಿತ್ತೆಂದು ಅವಳಿಗೆ ಗೊತ್ತಿತ್ತು. ಆ ನೆಪ ತನ್ನ ಮೈಯೊಳಗೇ ಇದೆಯೆಂದು ಗೊತ್ತಿರಲಿಲ್ಲ, ಅಷ್ಟೇ.

ಟಕ್. ಬೆರಳಿನ ಗೆಣ್ಣಿನಿಂದ ಯಾರೋ ಪಕ್ಕೆಯ ಬಾಗಿಲು ತಟ್ಟಿದ ಹಾಗೆ. ನೋವಿಲ್ಲ, ಏನೂ ಇಲ್ಲ. ಟಕ್. ಟಕ್. ಅಪ್ಪನ ಹೊಟ್ಟೆಯನ್ನು ಅವಳು ಹೀಗೆ ತಟ್ಟುತ್ತಿದ್ದಳು. ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಡೋಲಿನ ಹಾಗೆ ಬಿಗಿದುಕೊಂಡಿದ್ದ ಆ ಕೊನೆಯ ಬೇಸಿಗೆಯಲ್ಲಿ ಅವನು ಗೋಡೆಗೊರಗಿ ಕೂತು, "ತಟ್ಟು ನೋಡೋಣ ಪುಟ್ಟಿ, ಒಳಗೆ ಯಾರಿದ್ದಾರೆ ಕೇಳು" ಎಂದು ನಗುತ್ತಿದ್ದ, ಬಾಯಿಂದ ಆ ಹುಳಿ ವಾಸನೆ. ಅವಳು ಕಿವಿಯಿಟ್ಟು ಕೇಳುತ್ತಿದ್ದಳು. ಒಳಗೆ ನೀರು ತುಳುಕುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಅಮ್ಮ ನೋಡಿ, ಏನೂ ಅನ್ನದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಅಪ್ಪ ಸತ್ತ ಮೇಲೆ ಬಂದವರಿಗೆಲ್ಲ ಅಮ್ಮ ಹೇಳಿದ್ದು ಹಾರ್ಟು ಎಂದು. ಹಾರ್ಟು ಎಂದರೆ ಮರ್ಯಾದಸ್ಥರ ಸಾವು. ಲಿವರು ಎಂದರೆ ಜನ ಮುಂದಿನದನ್ನು ತಾವೇ ಹೇಳಿಕೊಳ್ಳುತ್ತಾರೆ.

ತಟ್ಟುವ ಸದ್ದು ನಿಂತಿತ್ತು. ಅವಳು ಕತ್ತು ಹೊರಳಿಸಿ ತೆರೆಯನ್ನು ನೋಡಿದಳು. ಆರೋಗ್ಯವಂತರಿಗೆ ಐದೋ ಆರೋ ಬರುತ್ತದೆ ಎಂದು ಕಂಪನಿಯವನು ಆಗಷ್ಟೇ ವಿವರಿಸಿದ್ದ. ಅಲ್ಲಿ ಇಪ್ಪತ್ತೆರಡು ಎಂದಿತ್ತು. ಅವನು ಜೆಲ್ ಒರೆಸಿ ಮತ್ತೆ ಹಚ್ಚಿ, ಇನ್ನೊಂದು ಸಂದಿ ಹುಡುಕಿ, ಮತ್ತೆ ತಟ್ಟಿದ. ಯಂತ್ರ ಅದನ್ನೇ ಹೇಳಿತು, ಹಟಮಾರಿ ಮಗುವಿನ ಹಾಗೆ.

"ಏನೇ ಗಾಜು, ಕದ್ದು ಕುಡೀತೀಯೇನೇ?" ಎಂದರು ಹಿರಿಯ ಸಿಸ್ಟರ್. ನಗೆ ಸ್ಫೋಟಿಸಿತು. ಅವಳೂ ನಕ್ಕಳು, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು.

"ಸಾಕು ಬಿಡಯ್ಯ," ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಎಷ್ಟೋ ವರ್ಷದಿಂದ ನಮಗೆ ಇವಳೇ ಅಳತೆಗೋಲು. ಇವಳ ಲಿವರನ್ನೇ ಕಲ್ಲು ಅಂತ ಹೇಳೋ ಯಂತ್ರ ನನಗೆ ಬೇಡ."

"ಸಾರ್, ಇನ್ನೊಬ್ಬರ ಮೇಲೆ ಒಂದೇ ಒಂದು ಸಲ..."

"ಬೇರೆಯವರ ಮೇಲೆ ಸರಿಯಾಗಿ ತೋರಿಸಿದ್ರೆ ಇವಳ ಮೇಲೆ ತಪ್ಪಿದ್ದು ಸರಿಹೋಗುತ್ತಾ? ಸಾಯಂಕಾಲ ಪ್ಯಾಕ್ ಮಾಡ್ಕೊಂಡು ಹೊರಡಿ. ಸಿಸ್ಟರ್, ವಾರ್ಡಿನಲ್ಲಿರೋ ಆ ಬಸ್ ಕಂಡಕ್ಟರ್‌ಗೆ ನಾಳೆ ಬೆಳಿಗ್ಗೆ ಸೂಜಿ. ರಕ್ತ ಸಿದ್ಧ ಇಟ್ಟುಕೊಳ್ಳೋಕೆ ಹೇಳಿ."

ಎಲ್ಲರೂ ಹೋದರು. ಪರದೆಯ ಹಿಂದೆ ನಿಂತು ಅವಳು ಪಕ್ಕೆಯ ಜೆಲ್ ಒರೆಸಿಕೊಂಡಳು. ಎಷ್ಟು ಒರೆಸಿದರೂ ಎಲ್ಲೋ ಒಂದು ಕಡೆ ತಣ್ಣಗೆ ಉಳಿದೇ ಇತ್ತು. ಬಟ್ಟೆಯ ಪರದೆ ಹಳದಿ ಬಣ್ಣದ್ದೆಂದು ಅವಳು ಇಷ್ಟು ವರ್ಷದಲ್ಲಿ ಗಮನಿಸಿರಲಿಲ್ಲ. ಆಚೆಯಿಂದ ಮತ್ತೆ ಆ ಸದ್ದು ಬಂತು, ಟಕ್, ಟಕ್. ಇಣುಕಿದರೆ ಕಂಪನಿಯವನು ಒಬ್ಬನೇ, ಅಂಗಿಯ ಗುಂಡಿ ಬಿಚ್ಚಿ, ತನ್ನ ಪಕ್ಕೆಗೆ ತಾನೇ ಉಪಕರಣವನ್ನು ಒತ್ತಿಕೊಂಡು ಅರೆಮಲಗಿದ್ದ. ತೆರೆಯ ಮೇಲೆ ಐದು. ಆಮೇಲೆ ಕಸ ತೆಗೆಯಲು ಬಂದ ಆಯಮ್ಮನನ್ನು ಅವನು ಏನೋ ಹೇಳಿ ಒಪ್ಪಿಸಿ ಮಲಗಿಸಿದ. "ಅಯ್ಯೋ ಕಚಗುಳಿ ಆಯ್ತದೆ" ಎಂದು ಆಯಮ್ಮ ಕಿಸಕ್ಕನೆ ನಕ್ಕಳು. ಆರು. ದಪ್ಪ ಮೈಯ, ದಿನವೂ ಗದರುತ್ತ, ದಿನವೂ ಕೆಮ್ಮುತ್ತ ಇರುವ ಆಯಮ್ಮನಿಗೆ ಆರು. ಕಂಪನಿಯವನು ತಲೆಯೆತ್ತಿದಾಗ ಪರದೆಯ ಸಂದಿಯಲ್ಲಿ ಅವಳ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಅವನು ಯಾಕೋ ತಾನೇ ತಪ್ಪು ಮಾಡಿದವನ ಹಾಗೆ ನೋಟ ತಗ್ಗಿಸಿದ.

ಅಂಗೈ ತುರಿಸುತ್ತಿತ್ತು. ಅದು ಇವತ್ತಿನದಲ್ಲ, ಕೆಲವು ತಿಂಗಳಿಂದ ರಾತ್ರಿ ಹಾಸಿಗೆಯ ಅಂಚಿಗೆ ಕೈ ಉಜ್ಜಿ ಉಜ್ಜಿ ಮಲಗುತ್ತಿದ್ದಳು, ಕೈ ತೊಳೆಯುವ ಸೋಪಿನದು ಎಂದುಕೊಂಡಿದ್ದಳು. ಮೆಟ್ಟಿಲು ಹತ್ತಿದರೆ ಬರುವ ಸುಸ್ತು ನಿದ್ದೆಗೆಟ್ಟದ್ದರಿಂದ. ಊಟ ಸೇರದಿರುವುದು ಸೆಖೆಯಿಂದ. ಒಂದೊಂದಕ್ಕೂ ಒಂದೊಂದು ಕಾರಣವನ್ನು ಅವಳು ಗೂಟಕ್ಕೆ ಹಸು ಕಟ್ಟಿದ ಹಾಗೆ ಕಟ್ಟಿಹಾಕಿದ್ದಳು, ಈಗ ಎಲ್ಲ ಹಗ್ಗಗಳೂ ಒಟ್ಟಿಗೇ ಬಿಚ್ಚಿಕೊಂಡಂತಾಯಿತು. ಅವಳ ಹೃದಯವನ್ನು ಎಷ್ಟು ಜನ ನೋಡಿರಲಿಲ್ಲ! ಯಾರೂ ಅದರಿಂದ ನಾಲ್ಕು ಬೆರಳು ಕೆಳಗೆ ಇಳಿದಿರಲಿಲ್ಲ. ಅಲ್ಲಿಗೆ ಇಳಿಯುವುದು ಅವಳಿಗೂ ಬೇಕಿರಲಿಲ್ಲ ಎಂಬುದು ಈಗ ಹೊಳೆದು, ತನ್ನ ಮೇಲೇ ಹೇಸಿಗೆಯಂಥದ್ದು ಉಂಟಾಯಿತು. ದಿನವೂ ಬೇರೆಯವರ ಹೊಟ್ಟೆಯ ಮೇಲೆ ಕೈಯಾಡಿಸುವವಳು ತನ್ನದನ್ನು ಮಾತ್ರ ಸೋಪಿನ ಕೈಯಿಂದ ಬೇಗ ಬೇಗ ತೊಳೆದುಬಿಡುತ್ತಿದ್ದಳು.

ಕ್ಯಾಂಟೀನಿನಲ್ಲಿ ಕಂಪನಿಯವನು ಟೀ ಲೋಟ ಹಿಡಿದು ಎದುರಿನ ಕುರ್ಚಿಯ ಹತ್ತಿರ ಬಂದ. "ಕೂತ್ಕೋಬಹುದಾ ಮೇಡಂ?"

"ಕೂತ್ಕೊಳ್ಳಿ. ಕುರ್ಚಿ ನಮ್ಮಪ್ಪಂದಲ್ಲ."

ಅವನು ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ. ನೊಣವೊಂದು ಲೋಟದ ಅಂಚಿಗೆ ಬಂದು ಕೂತು, ಎದ್ದು, ಅದೇ ಜಾಗಕ್ಕೆ ಮತ್ತೆ ಬಂದು ಕೂತಿತು. "ನಾನು ಡಾಕ್ಟರಲ್ಲ. ಏನೂ ಹೇಳೋ ಹಾಗಿಲ್ಲ. ಸುಮ್ನೆ ಕೇಳ್ತೀನಿ, ಇತ್ತೀಚೆಗೆ ರಕ್ತ ಪರೀಕ್ಷೆ ಏನಾದ್ರೂ..."

"ಯಂತ್ರ ಮಾರೋದಕ್ಕೆ ನನಗೆ ಕಾಯಿಲೆ ಅಂಟಿಸ್ತೀರಾ?" ಎಂದಳು. ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ.

ಅವನ ಮುಖ ಕಪ್ಪಿಟ್ಟಿತು. "ತಪ್ಪಾಯ್ತು," ಎಂದು ಎದ್ದ. ಎರಡು ಹೆಜ್ಜೆ ಹೋದವನು ನಿಂತು, ತಿರುಗದೆಯೇ, "ನನ್ನ ಅಕ್ಕನ ಗಂಡ ಹೋಗಿದ್ದು ಲಿವರಿಂದಾನೇ. ಒಂದು ತೊಟ್ಟು ಕುಡಿದವರಲ್ಲ. ಮೊದಲೇ ಗೊತ್ತಾಗಿದ್ದಿದ್ರೆ ಔಷಧಿ ಇತ್ತು," ಎಂದು ಹೇಳಿ ಹೊರಟುಹೋದ. ಟೀ ಹಾಗೇ ಉಳಿಯಿತು. ಅವಳು ಅದನ್ನೇ ನೋಡುತ್ತ ಕೂತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಹೆಸರಿಡದೆ ಬಿಟ್ಟದ್ದನ್ನು ನಾನೇ ಕೂಗಿ ಹೇಳಿದೆನಲ್ಲ ಎನ್ನಿಸಿತು.

ವಾರ್ಡಿಗೆ ಹೋಗುವ ಕೆಲಸವಿರಲಿಲ್ಲ. ಆದರೂ ಕಾಲು ಅತ್ತಲೇ ಎಳೆಯಿತು. ಉದ್ದನೆಯ ಓಣಿಯಲ್ಲಿ ಒರೆಸಿದ ನೆಲ ಇನ್ನೂ ಆರಿರಲಿಲ್ಲ. ಅದರಲ್ಲಿ ತಲೆಕೆಳಗಾಗಿ ನಡೆದು ಬರುತ್ತಿದ್ದ ತನ್ನದೇ ಆಕೃತಿಯನ್ನು ತುಳಿಯದೆ ಮುಂದೆ ಹೋಗುವ ಹಾಗಿರಲಿಲ್ಲ. ಕಿಟಕಿ ಪಕ್ಕದ ಮಂಚದಲ್ಲಿ ಕಂಡಕ್ಟರ್ ಕಾಲು ಚಾಚಿ ಕೂತಿದ್ದರು. ಬಸ್ಸಿನ ಕೆಲಸದಿಂದ ನಿವೃತ್ತರಾಗಿ ವರ್ಷಗಳಾದರೂ ವಾರ್ಡಿಗೆಲ್ಲ ಕೇಳುವ ಆ ಗಂಟಲು ಹೋಗಿರಲಿಲ್ಲ. ತೋಳುಗಳ ಮೇಲೆ, ಹಿಡಿದರೆ ಹಿಡಿದಲ್ಲಿ, ನೀಲಿ ಕಲೆಗಳು: ಅವರ ರಕ್ತಕ್ಕೆ ಹೆಪ್ಪುಗಟ್ಟುವುದೇ ಮರೆತುಹೋಗುತ್ತಿತ್ತು. ಹೋದ ಸಲ ಸೂಜಿ ಇಳಿಸಿದಾಗ ಒಳಗೇ ರಕ್ತ ಸೋರಿ, ಬದುಕಿದ್ದೇ ಹೆಚ್ಚು ಎಂದಿದ್ದರು. ಆದರೆ ಲಿವರ್ ಈಗ ಎಷ್ಟು ಗಟ್ಟಿಯಾಗಿದೆಯೆಂದು ತಿಳಿಯದೆ ಮುಂದಿನ ಔಷಧಿ ಕೊಡುವ ಹಾಗಿರಲಿಲ್ಲ. ಹೊಸ ಯಂತ್ರ ಬರುತ್ತದೆ, ಸೂಜಿ ಬೇಡ ಮಾಮ, ಹೊರಗಿನಿಂದಲೇ ನೋಡಿಬಿಡುತ್ತಾರೆ ಎಂದು ಅವರಿಗೆ ಮಾತು ಕೊಟ್ಟವಳು ಅವಳೇ.

"ಬಾ ತಾಯಿ ಬಾ. ಎಲ್ಲಮ್ಮ ನಿನ್ನ ಮಾಯದ ಪೆಟ್ಟಿಗೆ? ಬಂತಂತೆ, ಹೋಗ್ತಾ ಇದೆಯಂತೆ?"

"ಯಾರು ಹೇಳಿದ್ರು ಮಾಮ?"

"ಆಸ್ಪತ್ರೇಲಿ ಸುದ್ದಿಗೇನು ಟಿಕೆಟ್ ಕೇಳ್ತಾರಾ? ಕೆಟ್ಟಿದೆಯಂತಲ್ಲ. ನಿನ್ನ ಮೇಲೇ ತಪ್ಪು ತೋರಿಸ್ತಂತೆ." ಅವರು ನಕ್ಕರು, ನಗು ಅರ್ಧದಲ್ಲಿ ಕೆಮ್ಮಾಯಿತು. "ಹೋದ ಸಲ ಚುಚ್ಚಿದ್ದು ಇಲ್ಲಿ ನೋಡು, ಹೊಟ್ಟೆಗೆ. ನೋವು ಬಂದಿದ್ದು ಹೆಗಲಿಗೆ. ಟಿಕೆಟ್ ಕೊಟ್ಟಿದ್ದು ಒಂದೂರಿಗೆ, ಇಳಿಸಿದ್ದು ಇನ್ನೊಂದೂರಲ್ಲಿ. ನಾಳೆ ಎಲ್ಲಿ ಇಳಿಸ್ತಾರೋ!"

ಮಂಚದ ಕಾಲ ಬಳಿ ಕೂತಿದ್ದ ಅವರ ಹೆಂಡತಿ ನಗಲಿಲ್ಲ. ಗಂಡನ ಕಾಲಿನ ಮೇಲೆ ಹೊದಿಕೆ ಎಳೆದು, ಸುಕ್ಕು ಬಿಡಿಸಿ, "ನೀನು ಹೇಳಿದ್ದೆಯಲ್ಲಮ್ಮ" ಎಂದರು. ಅಷ್ಟೇ. ಆಕ್ಷೇಪಣೆಯೂ ಇರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಸುಮ್ನಿರೇ. ಯಂತ್ರ ಕೆಟ್ಟರೆ ಮಗು ಏನು ಮಾಡುತ್ತೆ?"

ಯಂತ್ರ ಕೆಟ್ಟಿಲ್ಲ ಮಾಮ. ಮಾತು ಗಂಟಲವರೆಗೆ ಬಂತು. ಅವಳು ನೀರಿನ ಜಗ್ಗನ್ನು ಮೇಜಿನ ಮೇಲೆ ಅತ್ತಲಿಂದ ಇತ್ತ ಸರಿಸಿಟ್ಟಳು. ಏನೂ ಹೇಳದೆ ಇದ್ದುಬಿಟ್ಟರೆ ಏನಾಗುತ್ತದೆ? ಸಂಜೆ ಯಂತ್ರ ಹೋಗುತ್ತದೆ. ಅದರ ಜೊತೆಗೆ ಇಪ್ಪತ್ತೆರಡು ಎಂಬ ಸಂಖ್ಯೆಯೂ ಪೆಟ್ಟಿಗೆಯೊಳಗೆ ಕೂತು ಹೋಗುತ್ತದೆ. ಅವಳು ಮತ್ತೆ ಗಾಜಾಗುತ್ತಾಳೆ, ಎಲ್ಲರ ಅಳತೆಗೋಲು. ಕಾಯಿಲೆ ಎಲ್ಲಿಗೂ ಓಡುವುದಿಲ್ಲ, ಆದರೆ ಅದಕ್ಕೊಂದು ಹೆಸರು ಬೀಳುವವರೆಗೆ ಅದು ಬರಿಯ ಸುಸ್ತು, ಬರಿಯ ತುರಿಕೆ. ಹೆಸರು ಬಿದ್ದ ದಿನ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ನೋಡಿ, ಏನೂ ಅನ್ನದೆ ಮುಖ ತಿರುಗಿಸಿಕೊಳ್ಳುತ್ತಾಳೆ. ನೀನೂ ಅಪ್ಪನ ಮಗಳೇ ಅಂದಂತೆ. ಬೇಕಾದರೆ ಇನ್ನಾರು ತಿಂಗಳಿಗೆ, ಬೇರೆ ಊರಿನಲ್ಲಿ, ಯಾರಿಗೂ ಗೊತ್ತಾಗದ ಹಾಗೆ ರಕ್ತ ಕೊಟ್ಟು ನೋಡಿಸಿಕೊಳ್ಳಬಹುದು. ನಾಳೆ ಬೆಳಿಗ್ಗೆ ಕಂಡಕ್ಟರಿಗೆ ಏನೂ ಆಗದೆಯೂ ಇರಬಹುದು. ದೊಡ್ಡ ಡಾಕ್ಟರ ಕೈ ಒಳ್ಳೆಯದು. ಈ ಕೊನೆಯ ಮಾತನ್ನು ಮನಸ್ಸಿನಲ್ಲೇ ಆಡಿಕೊಂಡಾಗ, ಆ ಮುದುಕರ ತೋಳಿನ ನೀಲಿ ಕಲೆಗಳನ್ನು ತಾನು ಒತ್ತಿ ಒತ್ತಿ ಮಾಡುತ್ತಿರುವ ಹಾಗೆ ಅವಳ ಬೆರಳು ಮಡಚಿಕೊಂಡವು.

ಸಿಬ್ಬಂದಿಯ ಬಚ್ಚಲಿನ ಕನ್ನಡಿಯ ಮುಂದೆ ಕಣ್ಣಿನ ರೆಪ್ಪೆ ಎಳೆದು ನೋಡಿಕೊಂಡಳು. ಬಿಳಿಯೋ, ಹಳದಿಯೋ. ಮೇಲಿನ ದೀಪವೇ ಹಳದಿ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ಲೋಕವೇ ಹಳದಿಯಾಗಿದ್ದರೆ ಕಣ್ಣನ್ನು ಯಾವುದರಿಂದ ನೋಡುವುದು? ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದು ಹನಿ ತುದಿಯಲ್ಲಿ ತೂಗಾಡುತ್ತ, ಬೀಳುವುದೋ ಬೇಡವೋ ಎಂದು ಯೋಚಿಸುತ್ತಿರುವಂತೆ ದಪ್ಪವಾಗುತ್ತಾ ಹೋಯಿತು. ಅದು ಬೀಳುವುದನ್ನು ಕಾಯದೆ ಅವಳು ಹೊರಬಂದಳು. ಹೊರಬಂದದ್ದು ತೀರ್ಮಾನ ಮಾಡಿಕೊಂಡಲ್ಲ. ಕಾಲು ತೀರ್ಮಾನಿಸಿದಂತಿತ್ತು, ಅವಳು ಹಿಂದೆ ಹಿಂದೆ ಹೋದಳು.

ಯಂತ್ರದ ಕೋಣೆಯ ಬಾಗಿಲು ತೆರೆದೇ ಇತ್ತು. ಕಂಪನಿಯವನು ವೈರುಗಳನ್ನು ಸುತ್ತಿ ಪೆಟ್ಟಿಗೆಯ ಸ್ಪಂಜಿನ ಗುಳಿಗಳಲ್ಲಿ ಒಂದೊಂದಾಗಿ ಇಡುತ್ತಿದ್ದ. ದೊಡ್ಡ ಡಾಕ್ಟರು ಕಿಟಕಿಯ ಬಳಿ ಫೋನಿನಲ್ಲಿ ಯಾರದೋ ಜೊತೆ ನಗುತ್ತಿದ್ದರು. ಅವಳು ಕಾದಳು. ಅವರು ಫೋನು ಜೇಬಿಗಿಟ್ಟು, "ಏನು ಗಾಜು, ಮನೆಗೆ ಹೋಗಿಲ್ವಾ?" ಎಂದರು.

"ಸಾರ್, ಯಂತ್ರ ಸರಿಯಾಗಿದೆ."

"ಅಂದ್ರೆ?"

"ಆಯಮ್ಮಂಗೆ ಸರಿಯಾಗಿ ತೋರಿಸ್ತು. ಇವರಿಗೂ ತೋರಿಸ್ತು. ನಾನು ನೋಡಿದೆ. ತಪ್ಪು ಯಂತ್ರದ್ದಲ್ಲ."

ಡಾಕ್ಟರು ಅವಳನ್ನೂ ಕಂಪನಿಯವನನ್ನೂ ಒಮ್ಮೆ ನೋಡಿ, ಹುಬ್ಬು ಕುಣಿಸಿದರು. "ಓಹೋ. ಎಷ್ಟು ಕೊಡ್ತೀನಿ ಅಂದನಮ್ಮ ಇವನು?"

ಕಂಪನಿಯವನು ಕೈಯಲ್ಲಿದ್ದ ವೈರನ್ನು ಕೆಳಗಿಟ್ಟ. ಅವಳ ಕಿವಿಯವರೆಗೆ ಬಿಸಿ ಏರಿತು. ಹೊರಟುಬಿಡಬಹುದಿತ್ತು ಆಗ. ಅವಮಾನವಾಯಿತು ಎಂಬ ಒಂದು ನೆಪ ಸಿಕ್ಕಿತ್ತು. ಆ ನೆಪ ಎಷ್ಟು ಬೆಚ್ಚಗಿತ್ತೆಂದರೆ ಅದರೊಳಗೆ ಜೀವಮಾನವಿಡೀ ಮುದುರಿ ಮಲಗಬಹುದಿತ್ತು.

"ನಂಬಬೇಡಿ ಸಾರ್. ನನ್ನನ್ನೂ ನಂಬಬೇಡಿ, ಯಂತ್ರಾನೂ ನಂಬಬೇಡಿ," ಎಂದಳು. "ನಾಳೆ ಬೆಳಿಗ್ಗೆ ಕಂಡಕ್ಟರ್ ಮಾಮಂಗಿಂತ ಮೊದಲು ನನಗೆ ಚುಚ್ಚಿ. ನನ್ನ ರಕ್ತ ಹೆಪ್ಪುಗಟ್ಟುತ್ತೋ ಇಲ್ವೋ ಅದನ್ನೂ ನೋಡಿ. ಸೂಜಿ ಏನು ಹೇಳುತ್ತೋ ಕೇಳಿ. ಸೂಜಿ ನಾನು ಚೆನ್ನಾಗಿದ್ದೀನಿ ಅಂದ್ರೆ ಪೆಟ್ಟಿಗೆ ವಾಪಸ್ ಕಳಿಸಿ, ಆಮೇಲೆ ಮಾಮಂಗೆ ಚುಚ್ಚಿ. ಅಲ್ಲೀತನಕ ಅವರನ್ನ ಮುಟ್ಟಬೇಡಿ."

"ಹುಚ್ಚು ಹಿಡಿದಿದ್ಯೇನೇ ನಿಂಗೆ? ಚೆನ್ನಾಗಿರೋರಿಗೆ ಯಾರಾದ್ರೂ..." ಡಾಕ್ಟರು ಮಾತನ್ನು ಅಲ್ಲಿಗೇ ಬಿಟ್ಟರು. ನಗೆಯ ಉಳಿಕೆ ಬಾಯಿಯ ಒಂದು ಕೊನೆಯಲ್ಲಿ ಸಿಕ್ಕಿಕೊಂಡಿತ್ತು. "ಊಟ ಸೇರುತ್ತಾ?"

"ಇಲ್ಲ."

"ಎಷ್ಟು ದಿನದಿಂದ?"

"ಗೊತ್ತಿಲ್ಲ ಸಾರ್. ಕೈ ತುರಿಸುತ್ತೆ." ಅಂಗೈ ಚಾಚಿ ತೋರಿಸಿದಳು, ತಪ್ಪು ಮಾಡಿ ಏಟಿಗೆ ಕೈಯೊಡ್ಡುವ ಶಾಲೆಯ ಹುಡುಗಿಯಂತೆ. ಉಗುರಿನ ಗೀರುಗಳು ಕೆಂಪಗಿದ್ದವು.

"ಮುಂಚೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ," ಎಂದಳು. ಹಾಗೆ ಹೇಳಬೇಕೆಂದಿರಲಿಲ್ಲ. ಬಂದುಬಿಟ್ಟಿತು.

"ಬಾ ಇಲ್ಲಿ. ಬೆಳಕಿಗೆ ಬಾ."

ಇಷ್ಟು ವರ್ಷಗಳಲ್ಲಿ ಅವರು ಅವಳನ್ನು ಮುಟ್ಟಿದ್ದು, ವಿದ್ಯಾರ್ಥಿಗಳಿಗೆ ಜಾಗ ತೋರಿಸಲು, ಪೆನ್ನಿನ ತುದಿಯಿಂದ. ಈಗ ಹೆಬ್ಬೆರಳು ಅವಳ ಮೇಲ್ರೆಪ್ಪೆಯನ್ನು ಎತ್ತಿ ಹಿಡಿಯಿತು. ಕೆಳಗೆ ನೋಡು ಎಂದರು. ಕೆಳಗೆ ರಸ್ತೆಯಲ್ಲಿ ಜನ ಸಂಜೆಯ ಬಸ್ಸಿಗೆ ಓಡುತ್ತಿದ್ದರು; ಒಬ್ಬಾಕೆಯ ಚೀಲದಿಂದ ಏನೋ ಬಿದ್ದು ಉರುಳಿತು, ಅವಳು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿತ್ತು. ಡಾಕ್ಟರು ಇನ್ನೊಂದು ಕಣ್ಣನ್ನೂ ನೋಡಿದರು. ಆಮೇಲೆ ಮೊದಲಿನ ಕಣ್ಣನ್ನೇ ಮತ್ತೆ ನೋಡಿದರು. "ಮಲಗು," ಎಂದರು. ಗಾಜು ಎನ್ನಲಿಲ್ಲ, ಏ ಎನ್ನಲಿಲ್ಲ.

ಬರಿಗೈ ಅವಳ ಬಲಪಕ್ಕೆಯ ಕೆಳಗೆ ಕೂತಿತು, ಬೆಚ್ಚಗೆ, ಒರಟಾಗಿ. "ಉಸಿರು ಎಳ್ಕೋ." ಎಳೆದುಕೊಂಡಳು. ಒಳಗಿನಿಂದ ಏನೋ ಜಾರಿ ಬಂದು ಅವರ ಬೆರಳ ತುದಿಗೆ ತಾಗಿದ್ದು ಅವಳಿಗೇ ತಿಳಿಯಿತು. ಕತ್ತಲಲ್ಲಿ ಕೂತಿದ್ದ ಪ್ರಾಣಿಯೊಂದು ಕೈ ಮೂಸಿ ನೋಡಿದ ಹಾಗೆ. "ಇನ್ನೊಂದು ಸಲ." ಎಳೆದುಕೊಂಡಳು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಅವಳ ಮುಖವನ್ನು ನೋಡುತ್ತಿರಲಿಲ್ಲ. ಗೋಡೆಯಲ್ಲೊಂದು ಕಡೆ ಕಣ್ಣು ನೆಟ್ಟು, ತಲೆ ಒಂದಿಷ್ಟು ಓರೆಯಾಗಿಸಿ, ದೂರದ ಸದ್ದಿಗೆ ಕಿವಿಗೊಟ್ಟವರಂತೆ ನಿಂತಿದ್ದರು. ಅತ್ತ ಮೂಲೆಯಲ್ಲಿ ಕಂಪನಿಯವನು ತನಗಿಲ್ಲಿ ಕೆಲಸವಿಲ್ಲವೆಂದು ತಿಳಿದು, ಆದಷ್ಟು ಸದ್ದಾಗದಂತೆ ಪೆಟ್ಟಿಗೆಯ ಮುಚ್ಚಳವನ್ನು ಇಳಿಸುತ್ತಿದ್ದ.

ಕೈಯನ್ನು ಅಲ್ಲಿಂದ ತೆಗೆಯದೆ, ತಿರುಗದೆ, ದೊಡ್ಡ ಡಾಕ್ಟರು ಹೇಳಿದರು: "ಅದನ್ನ ಮುಚ್ಚಬೇಡಿ."